ನಡುವಿನವರು: ಅಮೆರಿಕದ ಮಧ್ಯಮ ವರ್ಗ ಬೆಳೆದ ಬಗೆ, ಸೊರಗಿದ ಬಗೆ

ಬಡವರು ಯಾರು ಎಂಬ ಪ್ರಶ್ನೆಗೆ ಅಮೆರಿಕದ ಸರ್ಕಾರದ ಬಳಿ ಅಧಿಕೃತವಾದ ಉತ್ತರವೊಂದಿದೆ. 1960ರ ದಶಕದ ಮೊದಲ ವರ್ಷಗಳಲ್ಲಿ ಸಾಮಾಜಿಕ ಭದ್ರತಾ ಇಲಾಖೆಯಲ್ಲಿದ್ದ ಮಾಲಿ ಒರ್ಶಾನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞೆ, ಒಂದು ಕುಟುಂಬವು ಅತ್ಯಂತ ಮಿತವಾಗಿ ಉಂಡರೆ ತಗಲುವ ಖರ್ಚನ್ನು ಲೆಕ್ಕ ಹಾಕಿ, ಅದನ್ನು ಮೂರರಿಂದ ಗುಣಿಸಿ ಬಡತನದ ರೇಖೆಯನ್ನು ಎಳೆದರು. ಬೆಲೆಯೇರಿಕೆಗೆ ತಕ್ಕಂತೆ ತಿದ್ದಿಕೊಂಡು ಆ ರೇಖೆಯನ್ನೇ ಇಂದಿಗೂ ಬಳಸಲಾಗುತ್ತಿದೆ. ಅದರ ಕೊರತೆಗಳು ಹಲವು. ಆದರೂ ರೇಖೆ ಎಂಬುದೊಂದು ಇದೆ. ಮಧ್ಯಮ ವರ್ಗಕ್ಕೆ ಅಂಥದ್ದೇನೂ ಇಲ್ಲ. ಪ್ರತಿಯೊಂದು ಚುನಾವಣೆಯಲ್ಲಿಯೂ ಎರಡೂ ಪಕ್ಷಗಳು ಯಾರ ಹೆಸರು ಹೇಳಿ ಮತ ಕೇಳುತ್ತವೆಯೋ, ಆ ಜನಸಮುದಾಯದ ಎಲ್ಲೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಈ ದೇಶದ ಯಾವ ಕಾನೂನೂ ಹೇಳಿಲ್ಲ.

ಆದ್ದರಿಂದಲೇ ಆ ಹೆಸರನ್ನು ಯಾರು ಬೇಕಾದರೂ ಧರಿಸಬಹುದಾಗಿದೆ. ನಮ್ಮ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಕೇಳಿದರೆ, ಹೃದ್ರೋಗ ತಜ್ಞರೂ, ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡಿಯುವವರೂ, ನಿನ್ನೆ ಮೊನ್ನೆ ವಿಮಾನವಿಳಿದ ವಿದ್ಯಾರ್ಥಿಯೂ ‘ನಾವು ಮಧ್ಯಮ ವರ್ಗದವರು’ ಎಂದೇ ಹೇಳುವರೆಂದು ನನ್ನ ಊಹೆ. ಅದರಲ್ಲಿ ಸುಳ್ಳಿಲ್ಲ. ಕನ್ನಡದಲ್ಲಿ ಆ ಮಾತಿಗೆ ಇರುವ ಅರ್ಥ ಆದಾಯದ್ದಲ್ಲ, ನಡವಳಿಕೆಯದು. ತಿಂಗಳ ಮೊದಲ ತಾರೀಖಿಗೆ ಕಾಯುವುದು, ಹಾಸಿಗೆ ಇದ್ದಷ್ಟು ಕಾಲು ಚಾಚುವುದು, ಮಕ್ಕಳ ಶಾಲೆಯ ಶುಲ್ಕವನ್ನು ಮಾತ್ರ ಎಂದಿಗೂ ತಪ್ಪಿಸದಿರುವುದು, ನೆಂಟರ ಎದುರು ಮರ್ಯಾದೆ ಕೆಡದಂತೆ ನೋಡಿಕೊಳ್ಳುವುದು: ಇವು ನಮ್ಮ ಹಿರಿಯರ ಮನೆಗಳಲ್ಲಿ ಆ ವರ್ಗದ ಲಕ್ಷಣಗಳಾಗಿದ್ದವು. ಅಂಥ ಮನೆಯಿಂದ ಬಂದವನು ಸಂಬಳ ಹತ್ತು ಪಟ್ಟಾದರೂ ಆ ಗುರುತನ್ನು ಕಳಚುವುದಿಲ್ಲ.

ಅಮೆರಿಕದಲ್ಲಿ ಈ ಮಾತಿನ ಹುಟ್ಟು ಬೇರೆ ಬಗೆಯದು. ಯೂರೋಪಿನಲ್ಲಿ ಮಧ್ಯಮ ವರ್ಗವೆಂದರೆ ಮೇಲಿನ ಶ್ರೀಮಂತ ಮನೆತನಗಳಿಗೂ ಕೆಳಗಿನ ರೈತಾಪಿ ಜನಕ್ಕೂ ನಡುವೆ ಬೆಳೆದ ವ್ಯಾಪಾರಿಗಳು ಮತ್ತು ವಕೀಲರು. ಹುಟ್ಟಿನಿಂದ ಬರುವ ಪದವಿಗಳಿಲ್ಲದ ಈ ನೆಲದಲ್ಲಿ ನಡುವಿನವರೆಂದರೆ ಸ್ವಂತ ಕೈಕೆಲಸದ ಮೇಲೆ ನಿಂತವರು. ಬೆಂಜಮಿನ್ ಫ್ರಾಂಕ್ಲಿನ್ 1747ರಲ್ಲಿ ಫಿಲಡೆಲ್ಫಿಯಾ ನಗರದ ರಕ್ಷಣೆಯ ಕುರಿತು ಬರೆದ ಕರಪತ್ರದಲ್ಲಿ ನಡುವಿನ ಜನರೆಂದು ಕರೆದದ್ದು ರೈತರನ್ನು, ಅಂಗಡಿಕಾರರನ್ನು ಮತ್ತು ಕಸುಬುದಾರರನ್ನು. ಅವರ ಹೆಗ್ಗುರುತು ಸಂಬಳವಾಗಿರಲಿಲ್ಲ. ಯಾರ ಬಳಿಯೂ ಸಂಬಳಕ್ಕೆ ನಿಲ್ಲದಿರುವುದೇ ಆಗಿತ್ತು. ಎರಡು ಶತಮಾನಗಳ ನಂತರ, 1951ರಲ್ಲಿ, ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ‘ವೈಟ್ ಕಾಲರ್’ ಎಂಬ ಗ್ರಂಥವನ್ನು ಬರೆಯುವ ಹೊತ್ತಿಗೆ ಈ ಚಿತ್ರ ತಲೆಕೆಳಗಾಗಿತ್ತು. ಹಳೆಯ ಮಧ್ಯಮ ವರ್ಗದ ಸ್ವತಂತ್ರ ರೈತನೂ ವ್ಯಾಪಾರಿಯೂ ಹಿಂದೆ ಸರಿದು, ದೊಡ್ಡ ಸಂಸ್ಥೆಗಳ ಗುಮಾಸ್ತರು, ಮಾರಾಟಗಾರರು ಮತ್ತು ವ್ಯವಸ್ಥಾಪಕರು ಆ ಸ್ಥಾನಕ್ಕೆ ಬಂದಿದ್ದರು. ಹೆಸರು ಉಳಿಯಿತು, ಒಳಗಿನ ಜನ ಬದಲಾದರು. ಇಂದು ಮಧ್ಯಮ ವರ್ಗ ಕುಗ್ಗುತ್ತಿದೆ ಎಂಬ ಮಾತು ಕೇಳುವಾಗ ಯಾವ ಮಧ್ಯಮ ವರ್ಗ ಎಂದು ಕೇಳಬೇಕಾದುದು ಇದಕ್ಕಾಗಿ.

ಇಂದು ಪತ್ರಿಕೆಗಳು ‘ಕುಗ್ಗುತ್ತಿರುವ ಮಧ್ಯಮ ವರ್ಗ’ ಎಂದು ಬರೆಯುವಾಗ ಅವುಗಳ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ನಂತರದ ಮೂರು ದಶಕಗಳಲ್ಲಿ ಕಂಡ ವರ್ಗ. ಅದರಲ್ಲಿ ಗುಮಾಸ್ತರ ಜೊತೆಗೆ ಕಾರ್ಖಾನೆಯ ಕಾರ್ಮಿಕನೂ ಇದ್ದನೆಂಬುದೇ ಅದರ ವೈಶಿಷ್ಟ್ಯ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಯಂತ್ರದ ಮುಂದೆ ನಿಂತವನು ಮನೆ ಕೊಂಡನು, ಕಾರು ಕೊಂಡನು, ಮಗನನ್ನು ಕಾಲೇಜಿಗೆ ಕಳುಹಿಸಿದನು. ಇದು ತಾನಾಗಿ ಆದದ್ದಲ್ಲ.

ಕಥೆಯ ಒಂದು ತುದಿಯನ್ನು 1914ರ ಜನವರಿಯಲ್ಲಿ, ಮಿಷಿಗನ್ ರಾಜ್ಯದ ಹೈಲ್ಯಾಂಡ್ ಪಾರ್ಕಿನಲ್ಲಿ ಹಿಡಿಯಬಹುದು. ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆಯ ದಿನಗೆಲಸಕ್ಕೆ 5 ಡಾಲರ್ ಕೊಡುವುದಾಗಿ ಸಾರಿದನು. ಅದಕ್ಕೆ ಹಿಂದೆ ಅಲ್ಲಿ ಒಂಬತ್ತು ಗಂಟೆ ದುಡಿದರೂ ದೊರೆಯುತ್ತಿದ್ದುದು ಎರಡೂವರೆ ಡಾಲರಿಗಿಂತ ಕಡಿಮೆ. ಕಾರ್ಮಿಕರು ತಾವು ಮಾಡಿದ ಕಾರನ್ನು ತಾವೇ ಕೊಳ್ಳಲೆಂದು ಫೋರ್ಡ್ ಹೀಗೆ ಮಾಡಿದನೆಂಬ ಕಥೆ ಜನಜನಿತ. ನಿಜವಾದ ಕಾರಣ ಅಷ್ಟು ಉದಾರವಾದುದಲ್ಲ. ಚಲಿಸುವ ಜೋಡಣಾ ಸಾಲಿನ ಮುಂದೆ ನಿಂತು ಒಂದೇ ತಿರುಪನ್ನು ದಿನವಿಡೀ ತಿರುಗಿಸುವ ಕೆಲಸವನ್ನು ಜನರು ಸಹಿಸದೆ ಬಿಟ್ಟು ಹೋಗುತ್ತಿದ್ದರು. ಸುಮಾರು 14,000 ಕಾರ್ಮಿಕರನ್ನು ಉಳಿಸಿಕೊಳ್ಳಲು 1913ರ ಒಂದೇ ವರ್ಷದಲ್ಲಿ ಸುಮಾರು 52,000 ಮಂದಿಯನ್ನು ನೇಮಿಸಬೇಕಾಗಿ ಬಂದಿತ್ತು. 5 ಡಾಲರಿಗೆ ಷರತ್ತುಗಳೂ ಇದ್ದವು. ಕಂಪನಿಯ ಸಮಾಜ ವಿಭಾಗದ ಪರೀಕ್ಷಕರು ಕಾರ್ಮಿಕರ ಮನೆಗಳಿಗೇ ಹೋಗಿ ಯಾರು ಕುಡಿಯುತ್ತಾರೆ, ಯಾರ ಮನೆ ಚೊಕ್ಕಟವಾಗಿದೆ, ಯಾರು ಹಣ ಉಳಿಸುತ್ತಾರೆ ಎಂದು ನೋಡಿ ಬರೆದುಕೊಳ್ಳುತ್ತಿದ್ದರು. ಕೂಲಿ ಹೆಚ್ಚಿದುದರ ಜೊತೆಗೆ ಮಧ್ಯಮ ವರ್ಗದ ನಡವಳಿಕೆಯನ್ನೂ ಕಾರ್ಖಾನೆಯೇ ಕಲಿಸಹೊರಟಿತು. ನಮ್ಮ ಹಿರಿಯರ ವ್ಯಾಖ್ಯೆಯನ್ನು ಫೋರ್ಡ್ ಒಪ್ಪುತ್ತಿದ್ದನೆಂದು ತೋರುತ್ತದೆ!

ಆದರೆ ಒಬ್ಬ ಧಣಿಯ ಲೆಕ್ಕಾಚಾರದಿಂದ ಒಂದು ವರ್ಗ ಹುಟ್ಟಲಾರದು. 1929ರ ಕುಸಿತ ಅದನ್ನು ತೋರಿಸಿಕೊಟ್ಟಿತು. ಗಟ್ಟಿ ನೆಲ ಬಿದ್ದುದು 1930ರ ದಶಕದ ಶಾಸನಗಳಿಂದ. 1935ರಲ್ಲಿ ಕಾರ್ಮಿಕ ಸಂಘಗಳಿಗೆ ಸಾಮೂಹಿಕ ಚೌಕಾಸಿಯ ಹಕ್ಕನ್ನು ಕೊಟ್ಟ ವ್ಯಾಗ್ನರ್ ಕಾಯ್ದೆ, ಅದೇ ವರ್ಷ ಸಾಮಾಜಿಕ ಭದ್ರತಾ ಕಾಯ್ದೆ, 1938ರಲ್ಲಿ ಕನಿಷ್ಠ ವೇತನದ ಕಾಯ್ದೆ ಬಂದವು. ಕಾಗದದ ಮೇಲಿನ ಹಕ್ಕನ್ನು ಕೈಗೆ ತಂದುಕೊಂಡವರು ಫ್ಲಿಂಟ್ ನಗರದ ಕಾರ್ಮಿಕರು. 1936ರ ಡಿಸೆಂಬರ್ 30ರಂದು ಅವರು ಜನರಲ್ ಮೋಟರ್ಸ್ ಕಾರ್ಖಾನೆಯಿಂದ ಹೊರಗೆ ಬರುವುದರ ಬದಲು ಒಳಗೇ ಕುಳಿತುಬಿಟ್ಟರು. ಮಿಷಿಗನ್ನಿನ ಚಳಿಯಲ್ಲಿ 44 ದಿನ ಕುಳಿತರು. 1937ರ ಫೆಬ್ರವರಿ 11ರಂದು ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯು ಅವರ ಸಂಘವನ್ನು ಮನ್ನಿಸಿತು.

ಅನಂತರ ಯುದ್ಧ. 1944ರ ಜೂನ್ 22ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಮಾಡಿದ, ಜಿಐ ಬಿಲ್ ಎಂದು ಹೆಸರಾದ ಶಾಸನವು ಮರಳಿ ಬಂದ ಯೋಧರಿಗೆ ಶಿಕ್ಷಣದ ವೆಚ್ಚವನ್ನೂ ಮನೆಸಾಲಕ್ಕೆ ಸರ್ಕಾರದ ಭರವಸೆಯನ್ನೂ ನೀಡಿತು. 1956ರ ವೇಳೆಗೆ ಸುಮಾರು 78 ಲಕ್ಷ ಯೋಧರು ಅದರಿಂದ ಓದು ಅಥವಾ ತರಬೇತಿ ಪಡೆದರು. ಅವರಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜಿಗೆ ಹೋದರು. 1947ರಲ್ಲಿ ನ್ಯೂಯಾರ್ಕ್ ಸಮೀಪದ ಲಾಂಗ್ ಐಲ್ಯಾಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್ ಕುಟುಂಬದ ಕಂಪನಿಯು ಮನೆಗಳನ್ನು ಕಟ್ಟತೊಡಗಿತು. ಫೋರ್ಡ್ ಕಾರ್ಖಾನೆಯಲ್ಲಿ ಕಾರು ಚಲಿಸುತ್ತಿತ್ತು, ಕಾರ್ಮಿಕ ನಿಂತಿರುತ್ತಿದ್ದ; ಇಲ್ಲಿ ಮನೆ ನಿಂತಿತ್ತು, ಕೆಲಸಗಾರರ ತಂಡಗಳು ಒಂದೊಂದೇ ಕೆಲಸ ಮುಗಿಸಿ ಮುಂದಿನ ಮನೆಗೆ ಸಾಗುತ್ತಿದ್ದವು. ಹೀಗೆ 17,000ಕ್ಕೂ ಹೆಚ್ಚು ಮನೆಗಳು ಎದ್ದವು. 1949ರ ಮಾದರಿಯ ಬೆಲೆ 7,990 ಡಾಲರ್. ದೇಶದಲ್ಲಿ ಸ್ವಂತ ಮನೆಯಲ್ಲಿರುವ ಕುಟುಂಬಗಳ ಪ್ರಮಾಣ 1940ರಲ್ಲಿ ಶೇಕಡಾ 43.6 ಇದ್ದದ್ದು 1960ರಲ್ಲಿ ಶೇಕಡಾ 61.9ಕ್ಕೆ ಏರಿತು. ಇಪ್ಪತ್ತು ವರ್ಷಗಳಲ್ಲಿ ಬಾಡಿಗೆದಾರರ ದೇಶವು ಮನೆಯೊಡೆಯರ ದೇಶವಾಯಿತು.

ಈ ವ್ಯವಸ್ಥೆಯ ಅತ್ಯುನ್ನತ ದಾಖಲೆ 1950ರಲ್ಲಿ ಜನರಲ್ ಮೋಟರ್ಸ್ ಮತ್ತು ವಾಲ್ಟರ್ ರಾಯ್ಥರ್ ನೇತೃತ್ವದ ಕಾರ್ಮಿಕ ಸಂಘದ ನಡುವೆ ಆದ ಐದು ವರ್ಷಗಳ ಒಪ್ಪಂದ. ‘ಫಾರ್ಚ್ಯೂನ್’ ಪತ್ರಿಕೆ ಅದನ್ನು ಡೆಟ್ರಾಯಿಟ್ ಸಂಧಿ ಎಂದು ಕರೆಯಿತು. ಬೆಲೆ ಏರಿದಂತೆ ವೇತನ ಏರುವುದು, ಉತ್ಪಾದಕತೆ ಹೆಚ್ಚಿದಂತೆ ಅದರ ಪಾಲು ದೊರೆಯುವುದು, ಪಿಂಚಣಿ, ಆರೋಗ್ಯ ವಿಮೆ, ಇವೆಲ್ಲ ಕಾರ್ಮಿಕರಿಗೆ ಸಂದವು. ಅದಕ್ಕೆ ಪ್ರತಿಯಾಗಿ ಐದು ವರ್ಷ ಮುಷ್ಕರವಿಲ್ಲ, ಏನನ್ನು ತಯಾರಿಸಬೇಕು, ಹೇಗೆ ತಯಾರಿಸಬೇಕು ಎಂಬ ವಿಷಯದಲ್ಲಿ ಕಾರ್ಮಿಕರು ತಲೆ ಹಾಕುವುದಿಲ್ಲ. ಬೇರೆ ದೊಡ್ಡ ಕಂಪನಿಗಳೂ ಇದನ್ನು ಅನುಸರಿಸಿದವು. ಆ ದಶಕದ ನಡುವೆ ಕೃಷಿಯೇತರ ಕಾರ್ಮಿಕರಲ್ಲಿ ಸುಮಾರು ಮೂರನೆಯ ಒಂದು ಭಾಗ ಸಂಘದ ಸದಸ್ಯರು. ಅತಿ ಹೆಚ್ಚಿನ ಆದಾಯದ ಮೇಲಿನ ತೆರಿಗೆ ದರ ಶೇಕಡಾ 91. ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದ ಕಾಲವದು ಎಂಬುದನ್ನು ಇಂದು ನಂಬುವುದೇ ಕಷ್ಟ.

ಈ ಸುವರ್ಣ ಕಾಲವನ್ನು ನೆನೆದು ನಿಟ್ಟುಸಿರಿಡುವವರು ಒಂದು ವಿಷಯವನ್ನು ಬದಿಗಿಡುತ್ತಾರೆ. ಆ ಮನೆಯ ಬಾಗಿಲಿಗೆ ಬೀಗವಿತ್ತು, ಬೀಗದ ಕೈ ಮೈಬಣ್ಣದಲ್ಲಿತ್ತು. 1930ರ ದಶಕದಲ್ಲಿ ಸರ್ಕಾರದ ಮನೆಸಾಲ ಸಂಸ್ಥೆಯೊಂದು ನಗರಗಳ ನಕ್ಷೆಗಳನ್ನು ತಯಾರಿಸಿ, ಕಪ್ಪು ಜನರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಅಪಾಯದ ಪ್ರದೇಶಗಳೆಂದು ಗುರುತಿಸಿತು. ಲೆವಿಟ್‌ಟೌನಿನ ಮೊದಲ ಕರಾರುಪತ್ರಗಳು ಬಿಳಿಯರಲ್ಲದವರು ಅಲ್ಲಿ ವಾಸಿಸುವುದನ್ನು ನಿಷೇಧಿಸಿದ್ದವು. ಜಿಐ ಬಿಲ್ಲಿನ ಅಕ್ಷರಗಳಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ಸಾಲ ಕೊಡುವ ಬ್ಯಾಂಕು ಊರಿನದು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ನಗರಗಳಲ್ಲಿ ಸರ್ಕಾರದ ಭರವಸೆಯಿದ್ದ 3,229 ಸಾಲಗಳ ಪೈಕಿ ಕಪ್ಪು ಯೋಧರಿಗೆ ದೊರೆತವು ಎರಡು. 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟ್‌ಟೌನಿನಲ್ಲಿ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಒಂದು ಮನೆ ಕೊಂಡು ಬಂದಾಗ ಜನರು ಗುಂಪುಗೂಡಿ ಕಲ್ಲು ತೂರಿದರು. ಮನೆಗಳ ಮಾರಾಟದಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಆಸ್ತಿ ಬೆಳೆದು ನಿಂತಿತ್ತು, ಇನ್ನೊಂದು ಸಮುದಾಯಕ್ಕೆ ಬೆಳೆಯಲು ನೆಲವೇ ದೊರೆತಿರಲಿಲ್ಲ.

ಭಾರತೀಯರ ಕಥೆಯೂ ಇಲ್ಲಿ ಬರಬೇಕು. ಲಾಹೋರ್, ಪೇಶಾವರಗಳ ಕಡೆಯಿಂದ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ವೈಷ್ಣೋ ದಾಸ್ ಬಗಾಯಿ ಅವರಿಗೆ ಅಂಗಡಿಯಿತ್ತು, ಹೆಂಡತಿ ಮತ್ತು ಮೂವರು ಮಕ್ಕಳಿದ್ದರು, ಅಮೆರಿಕದ ಪೌರತ್ವವೂ ದೊರೆತಿತ್ತು. ಫ್ರಾಂಕ್ಲಿನ್ ಹೇಳಿದ ನಡುವಿನ ಜನರ ಲಕ್ಷಣಗಳೆಲ್ಲವೂ ಅವರಲ್ಲಿದ್ದವು. 1923ರಲ್ಲಿ ಭಗತ್ ಸಿಂಗ್ ತಿಂದ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಬಿಳಿಯರಲ್ಲ, ಆದುದರಿಂದ ಪೌರರಾಗಲು ಅರ್ಹರಲ್ಲ ಎಂದು ತೀರ್ಪಿತ್ತಿತು. ಕೊಟ್ಟ ಪೌರತ್ವಗಳನ್ನೂ ಹಿಂತೆಗೆದುಕೊಳ್ಳಲಾಯಿತು. ಪೌರನಾಗಲು ಅರ್ಹನಲ್ಲದವನು ಕ್ಯಾಲಿಫೋರ್ನಿಯಾದ ಕಾನೂನಿನಂತೆ ಸ್ಥಿರಾಸ್ತಿ ಹೊಂದುವಂತಿರಲಿಲ್ಲ. ಬಗಾಯಿ ಅಂಗಡಿಯನ್ನೂ ಕಳೆದುಕೊಂಡರು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಪತ್ನಿ ಕಲಾ ಬಗಾಯಿ ಮಕ್ಕಳನ್ನು ಓದಿಸಿ ದೀರ್ಘಕಾಲ ಬಾಳಿದರು. ಬರ್ಕ್ಲಿಯಲ್ಲಿ ಕೊಂಡ ಮನೆಗೆ ಬಂದ ದಿನ ನೆರೆಹೊರೆಯವರು ಆ ಕುಟುಂಬವನ್ನು ಒಳಗೆ ಬಿಡದಂತೆ ಬೀಗ ಹಾಕಿದ್ದರು; ಅದೇ ಬರ್ಕ್ಲಿಯ ಒಂದು ಬೀದಿಗೆ ಇಂದು ಕಲಾ ಬಗಾಯಿ ಅವರ ಹೆಸರಿದೆ. ಆ ಕಡೆ ಹೋಗುವ ಸದಸ್ಯರು ಮಕ್ಕಳಿಗೆ ತೋರಿಸಬಹುದು.

1946ರ ಕಾಯ್ದೆಯೊಂದು ಭಾರತೀಯರಿಗೆ ಪೌರತ್ವದ ಹಕ್ಕನ್ನು ಮರಳಿ ಕೊಟ್ಟಿತು, ವರ್ಷಕ್ಕೆ 100 ಜನರ ಮಿತಿಯೊಂದಿಗೆ. ನಿಜವಾಗಿ ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು, ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ವಲಸೆ ಕಾಯ್ದೆಗೆ ಸಹಿ ಮಾಡಿದಾಗ. ಕುಟುಂಬ ಸಂಬಂಧಕ್ಕೆ ಮೊದಲ ಮಣೆಯಿದ್ದರೂ, ವೃತ್ತಿಪರರಿಗೆ ಪ್ರತ್ಯೇಕ ದಾರಿಯನ್ನು ಅದು ತೆರೆದಿತ್ತು. ಇಲ್ಲಿ ಬಂಧುಗಳಿಲ್ಲದ ಭಾರತೀಯರು ಬಂದದ್ದು ಆ ದಾರಿಯಲ್ಲಿ. ಮೈಸೂರು ವೈದ್ಯಕೀಯ ಕಾಲೇಜು, ಬೆಂಗಳೂರು ವೈದ್ಯಕೀಯ ಕಾಲೇಜು, ಮಣಿಪಾಲ, ಹುಬ್ಬಳ್ಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಇವುಗಳಿಂದ ಹೊರಬಂದ ಕನ್ನಡಿಗರು ಇಲ್ಲಿನ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ಬಂದರು. ಅವರಲ್ಲಿ ಹೆಚ್ಚಿನವರು ಸರ್ಕಾರದ ಹಣದಲ್ಲಿ, ಅತ್ಯಲ್ಪ ಶುಲ್ಕದಲ್ಲಿ ಓದಿದವರು. ಇಲ್ಲಿ ಜಿಐ ಬಿಲ್ ಮಾಡಿದ ಕೆಲಸವನ್ನು ಅಲ್ಲಿ ಸರ್ಕಾರಿ ಕಾಲೇಜುಗಳು ಮಾಡಿದ್ದವು. ಇತಿಹಾಸದ ವ್ಯಂಗ್ಯವೆಂದರೆ ನಮ್ಮವರು ಈ ಮನೆಯೊಳಗೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ ಅದರ ಬುನಾದಿ ಸಡಿಲಗೊಳ್ಳತೊಡಗಿತ್ತು.

ಬಿರುಕು ಯಾವ ವರ್ಷದಿಂದ ಕಾಣಿಸಿತೆಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಬಹುಮಂದಿ 1973ರ ತೈಲ ಬಿಕ್ಕಟ್ಟನ್ನು ಹೇಳುತ್ತಾರೆ. ಜಪಾನು, ಜರ್ಮನಿಗಳು ಯುದ್ಧದ ಬೂದಿಯಿಂದ ಎದ್ದು ಸ್ಪರ್ಧೆಗೆ ಬಂದಿದ್ದವು. ಅಮೆರಿಕದ ಕಾರ್ಖಾನೆಗಳಲ್ಲಿ ದುಡಿಯುವವರ ಸಂಖ್ಯೆ 1979ರಲ್ಲಿ ಸುಮಾರು 1 ಕೋಟಿ 95 ಲಕ್ಷಕ್ಕೆ ಏರಿ ಅಲ್ಲಿಂದ ಇಳಿಯತೊಡಗಿತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಘಟನೆಯನ್ನು ಸೇರಿದ ಮೇಲೆ ಇಳಿತ ಧುಮುಕಾಯಿತು. 2010ರಲ್ಲಿ ಉಳಿದವರು ಸುಮಾರು 1 ಕೋಟಿ 15 ಲಕ್ಷ. 1981ರಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ರೊನಾಲ್ಡ್ ರೇಗನ್ ಕೆಲಸದಿಂದ ತೆಗೆದುಹಾಕಿದರು. ಸಂಘಗಳ ಸದಸ್ಯತ್ವ 1983ರಲ್ಲಿ ಶೇಕಡಾ 20. ಈಗ ಶೇಕಡಾ 10ರ ಆಸುಪಾಸು. ಗರಿಷ್ಠ ತೆರಿಗೆ ದರ 1988ರಲ್ಲಿ ಶೇಕಡಾ 28ಕ್ಕೆ ಇಳಿದಿತ್ತು.

ಇವೆಲ್ಲಕ್ಕಿಂತ ಸದ್ದಿಲ್ಲದೆ ಆದ ಬದಲಾವಣೆಯೊಂದು ನನಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. 1978ರ ಆದಾಯ ಕಾಯ್ದೆಯಲ್ಲಿ ಸೇರಿಕೊಂಡ ಒಂದು ಉಪಖಂಡದ ಸಂಖ್ಯೆ 401(ಕೆ). ಆ ಸಂಖ್ಯೆ ಇಂದು ನಮ್ಮೆಲ್ಲರ ಮನೆಮಾತು. ಅದಕ್ಕೆ ಹಿಂದೆ ದೊಡ್ಡ ಕಂಪನಿಗಳಲ್ಲಿ ನಿವೃತ್ತನಾದವನಿಗೆ ಸಾಯುವ ತನಕ ನಿಶ್ಚಿತ ಪಿಂಚಣಿ. ಷೇರುಪೇಟೆ ಬಿದ್ದರೆ ತುಂಬಿಕೊಡುವ ಭಾರ ಕಂಪನಿಯದು. ಅನಂತರ ನೌಕರನೇ ಉಳಿಸಬೇಕು, ನೌಕರನೇ ಆರಿಸಬೇಕು, ಬಿದ್ದರೆ ನೌಕರನೇ ತಾಳಬೇಕು. ಕರ್ನಾಟಕದಲ್ಲಿ ಇದೇ ತಿರುವು 2006ರ ಏಪ್ರಿಲ್ 1ರಂದು ಬಂತು: ಅಂದಿನಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿ ಹೊಸ ಯೋಜನೆ ಬಂದಿತು. ಊರಿನಲ್ಲಿರುವ ನಮ್ಮ ಅಕ್ಕ ತಮ್ಮಂದಿರಲ್ಲಿ ಸರ್ಕಾರಿ ನೌಕರರಾದವರು ಹಳೆಯ ಪಿಂಚಣಿಗಾಗಿ ಏಕೆ ಹೋರಾಡುತ್ತಿದ್ದಾರೆಂದು ತಿಳಿಯಬೇಕಾದರೆ ಅಮೆರಿಕದ ಈ ನಲವತ್ತು ವರ್ಷಗಳನ್ನು ನೋಡಿದರೆ ಸಾಕು. ಮಧ್ಯಮ ವರ್ಗದ ಆದಾಯ ಕುಸಿಯದಿದ್ದರೂ ಅದರ ಕಾಲಡಿಯ ನೆಲ ಮೆತ್ತಗಾಗಬಲ್ಲದು.

ಈ ಕಥೆಯಲ್ಲಿ ನಮ್ಮೂರಿನ ಹೆಸರು ಬರುವುದು 1990ರ ದಶಕದ ಕೊನೆಯಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದಿತ್ತು. ಎರಡು ಸಾವಿರದ ಇಸವಿಯ ಗಣಕ ದೋಷವನ್ನು ಸರಿಪಡಿಸುವ ಕೆಲಸದೊಂದಿಗೆ ಆ ದಾರಿ ಹೆದ್ದಾರಿಯಾಯಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಆಡುಮಾತಿನಲ್ಲಿ ‘ಬ್ಯಾಂಗಲೋರ್ಡ್’ ಎಂಬ ಕ್ರಿಯಾಪದ ಹುಟ್ಟಿತು. ತನ್ನ ಕೆಲಸ ಭಾರತಕ್ಕೆ ಹೋಗಿ ತಾನು ನಿರುದ್ಯೋಗಿಯಾದೆ ಎಂಬುದು ಅದರ ಅರ್ಥ. ಇನ್ಫೋಸಿಸ್ ಆವರಣದಲ್ಲಿ ನಂದನ್ ನಿಲೇಕಣಿಯವರೊಂದಿಗೆ ನಡೆದ ಮಾತುಕತೆಯಿಂದ ಪ್ರೇರಿತರಾಗಿ ಥಾಮಸ್ ಫ್ರೀಡ್‌ಮನ್ ಜಗತ್ತು ಚಪ್ಪಟೆಯಾಗಿದೆ ಎಂಬ ಪುಸ್ತಕವನ್ನು 2005ರಲ್ಲಿ ಹೊರತಂದರು. 2009ರ ಮೇ ತಿಂಗಳಲ್ಲಿ ಬರಾಕ್ ಒಬಾಮ, ಬಫಲೋದಲ್ಲಿ ಕೆಲಸ ಸೃಷ್ಟಿಸುವ ಕಂಪನಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವ ಕಂಪನಿಗೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆಯನ್ನು ಟೀಕಿಸಿದರು. ಆ ಎರಡು ಊರುಗಳನ್ನು ಹೀಗೆ ಎದುರುಬದುರು ನಿಲ್ಲಿಸಿದಾಗ, ಆಗ ಇಲ್ಲಿದ್ದ ಕನ್ನಡಿಗರು ತಾವು ಯಾವ ಕಡೆಯವರೆಂದು ಕ್ಷಣಕಾಲವಾದರೂ ಯೋಚಿಸಿರಬೇಕು. ಊರು ಅಲ್ಲಿ, ಸಂಬಳ ಇಲ್ಲಿ.

ಬೆಂಗಳೂರನ್ನು ಗೆದ್ದ ಪಕ್ಷವೆಂದು ತಿಳಿಯುವುದೂ ತಪ್ಪು. ಡೆಟ್ರಾಯಿಟ್ ಸಂಧಿಗೆ ನಮ್ಮಲ್ಲೊಂದು ಸೋದರಸಂಬಂಧಿ ಇತ್ತು. 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್, ಅವುಗಳ ಕ್ವಾರ್ಟರ್ಸು, ಬಸ್ಸು, ಕ್ಯಾಂಟೀನು, ಶಾಲೆ, ಆಸ್ಪತ್ರೆ, ಇವು ಸೇರಿ ಹಳ್ಳಿಯಿಂದ ಬಂದ ಐಟಿಐ ಕಲಿತ ಹುಡುಗನನ್ನು ಒಂದೇ ತಲೆಮಾರಿನಲ್ಲಿ ಮಧ್ಯಮ ವರ್ಗಕ್ಕೆ ಏರಿಸಿದವು. ನಮ್ಮ ಸದಸ್ಯರಲ್ಲಿ ಜಾಲಹಳ್ಳಿ, ದೂರವಾಣಿನಗರಗಳ ಕ್ವಾರ್ಟರ್ಸಿನಲ್ಲಿ ಬೆಳೆದವರು ಇದ್ದೇ ಇರುತ್ತಾರೆ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಫ್ಲಿಂಟಿನಲ್ಲಿ ಆದದ್ದು ಜಾಲಹಳ್ಳಿಯಲ್ಲಿಯೂ ಆಯಿತು, ಬೇರೆ ವೇಗದಲ್ಲಿ. ಅದರ ಪಕ್ಕದಲ್ಲಿಯೇ ಸಾಫ್ಟ್‌ವೇರಿನ ಹೊಸ ವರ್ಗ ಎದ್ದು ನಿಂತದ್ದರಿಂದ ನಮಗೆ ಅಳಲು ಪುರುಸೊತ್ತಾಗಲಿಲ್ಲ, ಅಷ್ಟೆ.

ಈಗ ಅಳತೆಗೆ ಬರೋಣ. ಹೆಚ್ಚಾಗಿ ಉಲ್ಲೇಖವಾಗುವುದು ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕ. ದೇಶದ ಎಲ್ಲ ಕುಟುಂಬಗಳನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಆದಾಯ ಮಧ್ಯಾಂಕ. ಕುಟುಂಬದ ಗಾತ್ರಕ್ಕೆ ಹೊಂದಿಸಿಕೊಂಡು, ಆ ಮಧ್ಯಾಂಕದ ಮೂರನೆಯ ಎರಡು ಭಾಗದಿಂದ ಅದರ ಎರಡು ಪಟ್ಟಿನವರೆಗೆ ಆದಾಯವಿದ್ದವರು ಮಧ್ಯಮ ವರ್ಗದವರು. ಮೂವರ ಕುಟುಂಬಕ್ಕೆ 2020ರಲ್ಲಿ ಇದು ಸುಮಾರು 52,000ದಿಂದ 1,56,000 ಡಾಲರ್. ಈ ಅಳತೆಗೋಲಿನಂತೆ 1971ರಲ್ಲಿ ಶೇಕಡಾ 61ರಷ್ಟು ವಯಸ್ಕರು ಮಧ್ಯಮ ವರ್ಗದ ಕುಟುಂಬಗಳಲ್ಲಿದ್ದರು; 2021ರಲ್ಲಿ ಶೇಕಡಾ 50. ಐವತ್ತು ವರ್ಷಗಳಲ್ಲಿ ಹನ್ನೊಂದು ಅಂಶಗಳ ಇಳಿತ.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಕುಗ್ಗಿತು ಎಂದೊಡನೆ ಎಲ್ಲರೂ ಬಡವರಾದರೆಂದು ಭಾವಿಸುವುದುಂಟು. ಅದೇ ಅವಧಿಯಲ್ಲಿ ಮೇಲ್ವರ್ಗ ಶೇಕಡಾ 14ರಿಂದ 21ಕ್ಕೆ ಏರಿತು, ಕೆಳವರ್ಗ ಶೇಕಡಾ 25ರಿಂದ 29ಕ್ಕೆ. ಎಂದರೆ ಹನ್ನೊಂದರಲ್ಲಿ ಏಳು ಅಂಶ ಮೇಲಕ್ಕೂ ನಾಲ್ಕು ಅಂಶ ಕೆಳಕ್ಕೂ ಸೇರಿದವು. ಬೆಲೆಯೇರಿಕೆಯನ್ನು ಕಳೆದ ಮೇಲೂ ಮಧ್ಯಮ ವರ್ಗದ ಕುಟುಂಬದ ಆದಾಯ 1970ರಿಂದ 2020ರೊಳಗೆ ಶೇಕಡಾ 50ರಷ್ಟು ಬೆಳೆದಿದೆ. ಇದನ್ನು ಹಿಡಿದು ಮಧ್ಯಮ ವರ್ಗ ಕುಗ್ಗಿದ್ದು ಏಳಿಗೆಯ ಲಕ್ಷಣವೆಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ಅವರ ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಅದೇ ಪ್ಯೂ ವರದಿಯಲ್ಲಿ ಇನ್ನೊಂದು ಅಂಕಿಯಿದೆ. ದೇಶದ ಒಟ್ಟು ಕೌಟುಂಬಿಕ ಆದಾಯದಲ್ಲಿ ಮಧ್ಯಮ ವರ್ಗದ ಪಾಲು 1970ರಲ್ಲಿ ಶೇಕಡಾ 62. 2020ರಲ್ಲಿ ಶೇಕಡಾ 42. ಮೇಲ್ವರ್ಗದ ಪಾಲು ಶೇಕಡಾ 29ರಿಂದ 50ಕ್ಕೆ ಏರಿತು. ತಲೆಗಳು ಹನ್ನೊಂದು ಅಂಶ ಕುಗ್ಗಿದಾಗ ತಟ್ಟೆ ಇಪ್ಪತ್ತು ಅಂಶ ಕುಗ್ಗಿತು. ಇದಲ್ಲದೆ, ಎರಡು ಪಟ್ಟು ಎಂಬ ಮೇಲಿನ ಗೆರೆಯೂ ಬಹಳ ಎತ್ತರದ್ದಲ್ಲ: ಇಬ್ಬರೂ ದುಡಿಯುವ ಒಂದು ಶಿಕ್ಷಕ ದಾಂಪತ್ಯ ದುಬಾರಿ ನಗರದಲ್ಲಿ ಅದರ ಸಮೀಪ ಬರಬಲ್ಲದು. ಹಿಂದೆ ಒಬ್ಬರ ಸಂಬಳದಲ್ಲಿ ನಡೆಯುತ್ತಿದ್ದ ಮನೆಗೆ ಈಗ ಎರಡು ಸಂಬಳ ಬೇಕಾಗಿದೆ ಎಂಬುದನ್ನು ಈ ಅಳತೆಗೋಲು ಕಾಣಲಾರದು. ಕುಟುಂಬದ ಆದಾಯವನ್ನು ಎಣಿಸುವುದು ಸುಲಭ; ಅದಕ್ಕಾಗಿ ಮನೆಯಿಂದ ಹೊರಗೆ ಹೋದ ಗಂಟೆಗಳನ್ನು ಎಣಿಸುವವರಿಲ್ಲ.

ಬೇರೊಂದು ಬಗೆಯ ವ್ಯಾಖ್ಯೆ 2010ರ ಜನವರಿಯಲ್ಲಿ ವಾಣಿಜ್ಯ ಇಲಾಖೆಯ ವರದಿಯಲ್ಲಿ ಬಂತು. ಆಗ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಮಧ್ಯಮ ವರ್ಗದ ಕಾರ್ಯಪಡೆಗಾಗಿ ಸಿದ್ಧವಾದ ಆ ವರದಿ, ಆದಾಯವನ್ನಲ್ಲ, ಆಕಾಂಕ್ಷೆಗಳನ್ನು ಆಧಾರವಾಗಿ ಹಿಡಿಯಿತು: ಸ್ವಂತ ಮನೆ, ಕಾರು, ಮಕ್ಕಳಿಗೆ ಕಾಲೇಜು, ಆರೋಗ್ಯ ವಿಮೆ, ನಿವೃತ್ತಿಯ ಭದ್ರತೆ, ಆಗೊಮ್ಮೆ ಈಗೊಮ್ಮೆ ಪ್ರವಾಸ. ನನಗೆ ಈ ವ್ಯಾಖ್ಯೆ ಹೆಚ್ಚು ಸತ್ಯವೆನಿಸುತ್ತದೆ, ಏಕೆಂದರೆ ಇದು ನಮ್ಮ ಹಿರಿಯರ ವ್ಯಾಖ್ಯೆಗೆ ಹತ್ತಿರದ್ದು. ತೊಂದರೆಯೆಂದರೆ ಆ ಪಟ್ಟಿಯಲ್ಲಿ ದುಬಾರಿಯಾದವು ಮನೆ, ಕಾಲೇಜು ಮತ್ತು ಆಸ್ಪತ್ರೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ 1976ರವರೆಗೆ ಬೋಧನಾ ಶುಲ್ಕವೇ ಇರಲಿಲ್ಲ ಎಂದು ಇಂದು ಕಾಲೇಜಿಗೆ ಅರ್ಜಿ ಹಾಕುತ್ತಿರುವ ನಮ್ಮ ಮಕ್ಕಳಿಗೆ ಹೇಳಿದರೆ ಪುರಾಣವೆಂದುಕೊಂಡಾರು. ದೂರದರ್ಶನ, ಬಟ್ಟೆ, ಆಟಿಕೆಗಳು ಅಗ್ಗವಾದವು. ಮಧ್ಯಮ ವರ್ಗದವರಂತೆ ಕಾಣುವುದು ಹಿಂದೆಂದಿಗಿಂತ ಸುಲಭ, ಆಗಿರುವುದು ಕಷ್ಟ.

ರಾಜಕಾರಣಿಗಳ ವ್ಯಾಖ್ಯೆ ಇನ್ನೂ ಹಿಗ್ಗುವಂಥದು. ಒಬಾಮ 2,50,000 ಡಾಲರಿನ ಕೆಳಗಿನವರಿಗೆ ತೆರಿಗೆ ಹೆಚ್ಚಿಸುವುದಿಲ್ಲ ಎಂದರು. ಬೈಡನ್ ಆ ಗೆರೆಯನ್ನು 4,00,000ಕ್ಕೆ ಒಯ್ದರು. ವರ್ಗ ಕುಗ್ಗಿದಷ್ಟೂ ಅದರ ಹೆಸರು ಹಿಗ್ಗುತ್ತಿದೆ.

ದೆಹಲಿಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆಯನ್ನು ಕೇಳಿದರು: ಮಕ್ಕಳು ತಂದೆತಾಯಿಗಳಿಗಿಂತ ಹೆಚ್ಚು ಗಳಿಸುತ್ತಾರೆಯೇ? 1940ರಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಶೇಕಡಾ 90 ಮಂದಿ ಹೆಚ್ಚು ಗಳಿಸಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಸುಮಾರು ಅರ್ಧದಷ್ಟು ಮಾತ್ರ. ಈ ಅಂಕಿಯನ್ನು ನಮ್ಮ ಕೂಟದ ಎರಡನೆಯ ತಲೆಮಾರಿನವರು ಓದುವ ಬಗೆ ಬೇರೆಯೇ ಇರಬೇಕು. ಒಂದು ಸೂಟ್‌ಕೇಸಿನೊಂದಿಗೆ ಬಂದ ತಂದೆಯನ್ನು ಮೀರುವುದು ಸುಲಭವಾಗಿರಬಹುದಿತ್ತು. ಬಂದವನು ವೈದ್ಯನೋ ಎಂಜಿನಿಯರನೋ ಆಗಿ ಮೇಲ್ವರ್ಗಕ್ಕೇ ಸೇರಿಬಿಟ್ಟರೆ ಮಗಳು ಏರಬೇಕಾದ ಮೆಟ್ಟಿಲು ಯಾವುದು?

ಭಾರತೀಯ ಮೂಲದವರ ಕುಟುಂಬಗಳ ಮಧ್ಯಾಂಕ ಆದಾಯ 2019ರಲ್ಲಿಯೇ ಸುಮಾರು 1,19,000 ಡಾಲರ್. ಇಡೀ ದೇಶದ್ದು 69,000ದ ಒಳಗೆ. ಪ್ಯೂ ಅಳತೆಗೋಲನ್ನು ಹಿಡಿದರೆ ನಮ್ಮಲ್ಲಿ ಬಹುಮಂದಿ ನಡುವಿನವರಲ್ಲ, ಮೇಲಿನವರು ಅಥವಾ ಹೊಸ್ತಿಲಲ್ಲಿರುವವರು. ಹಾಗಾದರೆ ‘ನಾವು ಮಧ್ಯಮ ವರ್ಗದವರು’ ಎಂಬ ಮಾತು ಬರಿಯ ಹಳೆಯ ಅಭ್ಯಾಸವೇ? ಪೂರ್ತಿಯಾಗಿ ಅಲ್ಲ. ಎಚ್‌1ಬಿ ವೀಸಾದಲ್ಲಿರುವ ಎಂಜಿನಿಯರು ಕೆಲಸ ಕಳೆದುಕೊಂಡರೆ, ಬೇರೊಂದನ್ನು ಹುಡುಕಲು ಕಾನೂನು ಕೊಡುವ ಅವಧಿ ಹೆಚ್ಚೆಂದರೆ 60 ದಿನ. ಇತ್ತೀಚಿನ ವರ್ಷಗಳ ಉದ್ಯೋಗ ಕಡಿತಗಳಲ್ಲಿ ಆ ಅರುವತ್ತು ದಿನಗಳನ್ನು ಎಣಿಸಿದ ಕುಟುಂಬಗಳು ಎಲ್ಲ ಕೂಟಗಳಲ್ಲಿಯೂ ಇವೆ. ಮನೆಸಾಲ ಇಲ್ಲಿ, ಮಕ್ಕಳ ಶಾಲೆ ಇಲ್ಲಿ, ಹಸಿರು ಚೀಟಿಯ ಸರತಿ ಹತ್ತಾರು ವರ್ಷ ಉದ್ದ. 1950ರ ಫ್ಲಿಂಟ್ ಕಾರ್ಮಿಕನಿಗೆ ಇವರ ಆದಾಯದ ಒಂದಂಶವೂ ಇರಲಿಲ್ಲ. ಆದರೆ ಮುಂದಿನ ಐದು ವರ್ಷ ತನ್ನ ವೇತನ ಹೇಗೆ ಏರುತ್ತದೆ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಮುದಿತನದಲ್ಲಿ ಎಷ್ಟು ಬರುತ್ತದೆ ಎಂಬುದು ಅವನ ಕೈಯಲ್ಲಿದ್ದ ಒಪ್ಪಂದದಲ್ಲಿ ಅಚ್ಚಾಗಿತ್ತು.